ನೀರು ತುಂಬುವ ಹಬ್ಬದವರೆಗೆ

ಕೆಂಪಗುಡ್ಡ, ಚಿಂಚೋಳಿ ತಾಲೂಕು
12-11-2000

ಅಪ್ಪನಿಗೂ ಅವ್ವನಿಗೂ ಸೂಗಮ್ಮನ ನಮಸ್ಕಾರ.

ನಾನು ಹೈದರಾಬಾದಿಗೆ ಬರುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ ಅಪ್ಪಾ.

ಮೌನಪ್ಪ ಕಾಕಾ ನೀನು ಹೇಳಿಕಳಿಸಿದ್ದನ್ನೆಲ್ಲ ಹೇಳಿದ. ಕೊಂಡಾಪುರದ ಗಾಜಿನ ಆಫೀಸಿನಲ್ಲಿ ನನಗೆ ಕೆಲಸ ನೋಡಿದ್ದೀಯಂತೆ. ನೆಲ ಒರೆಸುವುದು, ಕಂಪ್ಯೂಟರಿನವರ ಚಹಾ ಕಪ್ಪು ಎತ್ತುವುದು, ನೀಲಿ ಸೀರೆ ಅವರೇ ಕೊಡುತ್ತಾರಂತೆ, ಒಳಗೆ ಬೇಸಗೆಯಲ್ಲೂ ಚಳಿಯಂತೆ. ನಾನು ಇಲ್ಲವೆನ್ನದೆ ಗಂಟು ಕಟ್ಟಿಕೊಂಡು ಅವನ ಹಿಂದೆ ತಾಂಡೂರು ಸ್ಟೇಷನ್ನಿನವರೆಗೂ ಹೋದೆ. ರೈಲು ಬಂತು. ಅವನು ಹತ್ತಿದ, ನಾನು ಹತ್ತಲಿಲ್ಲ. "ಏ ಸೂಗೀ, ಹತ್ತ ಲಗೂನ, ಗಾಡಿ ಬಿಡ್ತೈತಿ" ಎಂದು ಬಾಗಿಲಲ್ಲಿ ನಿಂತು ಕೂಗುತ್ತಲೇ ಹೋದ. ತಪ್ಪು ಅವನದಲ್ಲ, ಅವನನ್ನು ಬಯ್ಯಬೇಡ.

ಯಾಕೆ ಹತ್ತಲಿಲ್ಲ ಕೇಳು. ಈ ಸಲ ನೀರು ತುಂಬುವ ಹಬ್ಬದ ದಿನ ಊರವರೆಲ್ಲ ಕೊಡ ಬೆಳಗಿ, ಸುಣ್ಣ ಕುಂಕುಮ ಹಚ್ಚಿ, ಟ್ಯಾಂಕರಿನ ಮುಂದೆ ಪಾಳಿ ಹಚ್ಚಿದರು. ದೀಪಾವಳಿಯ ಎಣ್ಣೆಸ್ನಾನಕ್ಕೆ ಟ್ಯಾಂಕರಿನ ನೀರು. ನಿನ್ನ ಅವ್ವ, ನನ್ನ ಆಯಿ ಹುಸೇನಮ್ಮ, ಆ ಕಡೆ ಹೊರಳಿಯೂ ನೋಡಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಗುಡ್ಡದ ಬುಗ್ಗೆಗೆ ಹೋದಳು. ಹೋಗಿ ನೀನು ಕಟ್ಟಿದ ಒಣ ತೊಟ್ಟಿಯ ಮುಂದೆ ಕೊಡ ಬೋರಲು ಹಾಕಿ ಕೂತಳು. "ನನ್ನ ಮಗ ಕಟ್ಟಿದ ಮನ್ಯಾಗ ಗಂಗವ್ವ ಉಸಿರುಗಟ್ಟಿ ಕುಂತಾಳ" ಎಂದು ಅಳುತ್ತಿದ್ದಳು. ವಯಸ್ಸಾದವಳ ಮಾತು ಎಂದು ನಾನು ಎಬ್ಬಿಸಿಕೊಂಡು ಬಂದೆ.

ಅದರ ಮರುವಾರ ಬೀದರಿನಿಂದ ದಾನೇಶ್ವರಿ ಅಕ್ಕ ಎಂಬವರು ಬಂದರು. ಗುಡ್ಡದ ನೀರು ಉಳಿಸುವುದನ್ನು ಹೆಣ್ಣುಮಕ್ಕಳ ಸಂಘಕ್ಕೆ ಕಲಿಸುವುದು ಅವರ ಕೆಲಸ. ಮೂರು ದಿನ ಗುಡ್ಡ ಹತ್ತಿಳಿದರು. ಕೊನೆಗೆ ತೊಟ್ಟಿಯ ಗೋಡೆ ಸವರಿ, "ಇದಕ್ಕ ಪ್ಲಾಸ್ಟರ್ ಯಾರು ಮಾಡ್ಯಾರ?" ಎಂದು ಕೇಳಿದರು. ನಾನು ಎದೆ ಉಬ್ಬಿಸಿ "ನಮ್ಮಪ್ಪ" ಎಂದೆ. "ಕೆಲಸ ಭಾಳ ಛಲೋ ಐತಿ. ಅದಕ್ಕs ನೀರು ಹೊರಗ ಬಂದಿಲ್ಲ" ಎಂದರು.

ಅವರು ತೋರಿಸಿದ್ದು ಇಷ್ಟು. ನಮ್ಮ ಗುಡ್ಡದ ಮೇಲಿನ ಕೆಂಪು ಮುರಕಲ್ಲು ಮಳೆ ಕುಡಿಯುತ್ತದೆ. ಕೆಳಗಿನ ಕರಿಕಲ್ಲು ಕುಡಿಯುವುದಿಲ್ಲ. ಎರಡೂ ಕೂಡುವ ಕಡೆ ನೀರು ಹೊರಗೆ ಬರುತ್ತದೆ, ಅದೇ ಬುಗ್ಗೆ. ಮೇಲೆ ಮರ ಹೋಗಿ ಮಳೆ ಇಂಗುವುದು ಕಡಿಮೆಯಾಗಿದೆ, ಅದು ಅರ್ಧ ರೋಗ. ಕೂಡುವ ಕಡೆ ನೀನು ಸಿಮೆಂಟು ಬಡಿದಿದ್ದೀ, ಅದು ಇನ್ನರ್ಧ. ಏಳು ವರ್ಷದ ಹಿಂದೆ ತೊಟ್ಟಿ ಕಟ್ಟಿದಾಗ ಪಂಚಾಯ್ತಿ ಅಧ್ಯಕ್ಷರು ನಿನಗೆ ಹಾರ ಹಾಕಿದ್ದರು. ಎರಡನೇ ಬೇಸಗೆಗೆ ನೀರು ನಿಂತಿತು. ಅದರ ಮರುವರ್ಷ ನೀನು ಅವ್ವನನ್ನು ಕರೆದುಕೊಂಡು ಹೈದರಾಬಾದಿಗೆ ಹೋದೆ. ನನಗೆ ಸಿಟ್ಟು ಬಂದಿದೆ ಅಪ್ಪಾ, ಸುಳ್ಳು ಹೇಳುವುದಿಲ್ಲ.

ಮುಂದಿನ ನೀರು ತುಂಬುವ ಹಬ್ಬದವರೆಗೆ ನನಗೆ ಟೈಮು ಕೊಡು. ಅವತ್ತು ಬುಗ್ಗೆಯ ನೀರಿನಲ್ಲಿ ಆಯಿಯ ಕೊಡ ತುಂಬದಿದ್ದರೆ ನಾನೇ ರೈಲು ಹತ್ತುತ್ತೇನೆ. ಕಪ್ಪು ಎತ್ತುತ್ತೇನೆ, ತಿರುಗಿ ಮಾತಾಡುವುದಿಲ್ಲ.

ಮಾತಿಗೆ ತಪ್ಪದ
ಸೂಗಮ್ಮ


ಕೊಂಡಾಪುರ, ಹೈದರಾಬಾದು
3-12-2000

ಸೂಗಮ್ಮನಿಗೆ ಅಪ್ಪ ಅಂಬಣ್ಣ ತಿಳಿಸುವುದು.

ನಾನು ನಾಲ್ಕನೇ ಇಯತ್ತೆ ಓದಿದವನು. ತಪ್ಪಿದ್ದರೆ ತಿದ್ದಿಕೋ. ನೀನು ಈಗ ಎಲ್ಲರನ್ನೂ ತಿದ್ದುವವಳಾಗಿದ್ದೀ.

ಇಲ್ಲಿ ಹನ್ನೊಂದು ಕಟ್ಟಡಕ್ಕೆ ಪ್ಲಾಸ್ಟರ್ ಮಾಡಿದ್ದೇನೆ. ಎಲ್ಲಿ ಛತ್ತು ಸೋರಿದರೂ, ಎಲ್ಲಿ ಗೋಡೆ ಬೆವರಿದರೂ ಇಂಜಿನಿಯರು "ಅಂಬಣ್ಣ ಕೋ ಬುಲಾವ್" ಎನ್ನುತ್ತಾನೆ. ನಾನು ಮುಟ್ಟಿದ ಗೋಡೆಯಿಂದ ಒಂದು ಹನಿ ಬಂದಿಲ್ಲ. ಅಂಥವನಿಗೆ ಮೂರು ದಿನ ಊರು ನೋಡಿದ ಹೆಣ್ಣುಮಗಳು ಬುದ್ಧಿ ಹೇಳಿದಳು, ನೀನು ಕೇಳಿಕೊಂಡು ಕಾಗದ ಬರೆದೆ. ಗುಡ್ಡದ ಮರ ಕಡಿದು ಇಟ್ಟಂಗಿ ಭಟ್ಟಿಗೆ ಹೇರಿದವರು ಊರಲ್ಲೇ ಇದ್ದಾರೆ. ಅವರನ್ನು ಕೇಳು ನೀರು ಎಲ್ಲಿ ಹೋಯಿತೆಂದು.

ಒಂದು ಮಾತು ನೆನಪಿಡು. ಆ ತೊಟ್ಟಿಯ ಗೋಡೆಗೆ ಹೆಸರಿನ ಕಲ್ಲು ಇದೆ. ಮೇಲೆ ಅಧ್ಯಕ್ಷರ ಹೆಸರು ದೊಡ್ಡದಾಗಿ. ಕೆಳಗಿನ ಸಾಲಿನಲ್ಲಿ ಸಣ್ಣಕ್ಷರದಲ್ಲಿ, ಕೆಲಸ: ಅಂಬಣ್ಣ ಮೇಸ್ತ್ರಿ. ಇಲ್ಲಿ ಹನ್ನೊಂದು ಕಟ್ಟಡದ ಮೇಲೂ ನನ್ನ ಹೆಸರಿಲ್ಲ. ಕೆಲಸ ಮುಗಿದ ಮರುದಿನ ಅದೇ ಗೇಟಿನ ಮುಂದೆ ಹೋದರೆ ವಾಚ್‌ಮನ್ "ಕಿಧರ್?" ಎಂದು ಕೇಳುತ್ತಾನೆ. ಆ ಕಲ್ಲಿನ ಸುದ್ದಿಗೆ ಬರಬೇಡ.

ಹಬ್ಬದವರೆಗೆ ಟೈಮು ಕೊಟ್ಟಿದ್ದೇನೆ. ಅಲ್ಲಿಯವರೆಗೆ ನನಗೆ ಕಾಗದ ಬರೆಯಬೇಡ. ನಿನ್ನ ಅವ್ವ ಯಂಕಮ್ಮ ನೀನು ಬರುತ್ತೀಯೆಂದು ಶೆಡ್ಡಿನಲ್ಲಿ ನಿನಗೊಂದು ಮೂಲೆ ಸಾರಿಸಿ ಇಟ್ಟಿದ್ದಳು. ಈಗ ಅಲ್ಲಿ ಸಿಮೆಂಟಿನ ಚೀಲ ಇಟ್ಟಿದ್ದೇವೆ.

ಅಂಬಣ್ಣ


ಕೆಂಪಗುಡ್ಡ
28-1-2001

ಅಪ್ಪನಿಗೆ ಸೂಗಮ್ಮ ತಿಳಿಸುವುದು.

ಕಾಗದ ಬರೆಯಬೇಡ ಎಂದಿದ್ದೀ. ಇದು ಕಾಗದವಲ್ಲ, ವರದಿ. ಪಂಚಾಯ್ತಿಯವರಿಗೂ ಒಂದು ಕೊಟ್ಟಿದ್ದೇನೆ, ನಿನಗೂ ಒಂದು.

ಹದಿನಾಲ್ಕು ಹೆಣ್ಣುಮಕ್ಕಳು ಗುಡ್ಡದ ನೆತ್ತಿಯಲ್ಲಿ ಕಂದಕ ತೋಡುತ್ತಿದ್ದೇವೆ. ಉದ್ದಕ್ಕೂ ಒಂದೇ ಮಟ್ಟ ಇದ್ದರೆ ಮಾತ್ರ ಮಳೆನೀರು ಓಡದೆ ನಿಂತು ಇಂಗುತ್ತದಂತೆ. ಮಟ್ಟ ನೋಡಲು ಅಟ್ಟದ ಮೇಲಿದ್ದ ನಿನ್ನ ಲೆವಲ್ ಪೈಪು ಇಳಿಸಿದೆ, ನೀನು ಮೊದಲ ಸಲ ಹೈದರಾಬಾದಿಗೆ ಹೋದಾಗ ಬೇಗಂ ಬಜಾರಿನಿಂದ ತಂದದ್ದು. ಪೈಪಿನಲ್ಲಿ ನೀರು ತುಂಬಿ ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದು ಸಂಘದ ನೀಲಾ ಹಿಡಿಯುತ್ತಾಳೆ. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಂತ ಕಡೆ ಸುಣ್ಣದ ಗುರುತು ಹಾಕುತ್ತೇವೆ. ಸಣ್ಣವಳಿದ್ದಾಗ ನಿನ್ನ ಕೆಲಸದ ಜಾಗದಲ್ಲಿ ತುದಿ ಹಿಡಿದು ನಿಂತಿದ್ದೆನಲ್ಲ, ಅದು ಉಪಯೋಗಕ್ಕೆ ಬಂತು.

ಹೋದ ವಾರ ಜಗಳವಾಯಿತು. ಅಧ್ಯಕ್ಷರು ಟ್ರ್ಯಾಕ್ಟರಿನ ತುಂಬ ನೀಲಗಿರಿ ಸಸಿ ತಂದು ಇಳಿಸಿದರು. ಗುಡ್ಡಕ್ಕೆ ಹಸಿರು ಬೇಕಲ್ಲ, ಇದು ಲಗೂನ ಬೆಳೀತೈತಿ ಎಂದರು. ನಾವು ಬುಗ್ಗೆ ಬದುಕಿಸಲು ಹೊರಟವರು, ನೀಲಗಿರಿ ಇಂಗಿದ ನೀರನ್ನು ಬೇರಿನಲ್ಲೇ ಕುಡಿದುಬಿಡುತ್ತದೆ. ನಾನು ಬೇಡವೆಂದರೆ, "ನೀ ಯಾರ ಕೇಳಾಕ? ನಿಮ್ಮಪ್ಪ ಇಲ್ಲ, ನಿನಗ ಗಂಡ ಇಲ್ಲ" ಎಂದರು. ನಾನು ಬಾಯಿ ತೆಗೆಯುವುದರೊಳಗೆ ಆಯಿ ಹೋಗಿ ಅವರು ತೋಡಿಸಿದ ಮೊದಲ ಗುಂಡಿಯಲ್ಲಿ ಕಾಲು ಚಾಚಿ ಕೂತಳು.

"ಹಚ್ಚ್ರಿ ನಿಮ್ಮ ಗಿಡ. ನನ್ನ ಮ್ಯಾಲೆ ಮಣ್ಣ ಹಾಕಿ ಹಚ್ಚ್ರಿ."

"ಮುದುಕಿ, ಏಳ ಮ್ಯಾಲೆ."

"ಏಳಾಕಿ ಅಲ್ಲ. ಈ ಗುಡ್ಡದ ನೀರು ಕುಡದು ಎಪ್ಪತ್ತು ವರ್ಷ ಆಗೈತಿ. ನೀ ಯಾವ ನೀರು ಕುಡದು ದೊಡ್ಡಾಂವ ಆದಿ, ಹೇಳ ನೋಡೋಣ?"

ಹದಿನಾಲ್ಕು ಜನ ಹದಿನಾಲ್ಕು ಗುಂಡಿಯಲ್ಲಿ ಕೂತೆವು. ಬಿಸಿಲು ಇಳಿಯುವ ಹೊತ್ತಿಗೆ ಟ್ರ್ಯಾಕ್ಟರು ಸಸಿ ಹೇರಿಕೊಂಡು ಹೊರಟುಹೋಯಿತು. ಗುಂಡಿ ತೋಡಿಸಿಕೊಟ್ಟಿದ್ದಕ್ಕೆ ಅವರಿಗೆ ಧನ್ಯವಾದ. ಮಳೆಗಾಲಕ್ಕೆ ಆ ಗುಂಡಿಗಳಲ್ಲೇ ಸೀತಾಫಲ, ನೆಲ್ಲಿ, ಹುಣಸೆ, ಹೊಂಗೆ ಹಚ್ಚುತ್ತೇವೆ. ಸಾಲಿನ ನಡುವೆ ತೊಗರಿ ಬಿತ್ತುತ್ತೇವೆ, ಮರ ದೊಡ್ಡದಾಗುವವರೆಗೆ ಹೊಟ್ಟೆಗೂ ಬೇಕಲ್ಲ.

ಒಂದೇ ಕಷ್ಟದ ಸುದ್ದಿ. ಮೇಲಿನ ಇಳಿಜಾರಿಗೆ ಎರಡು ವರ್ಷ ಆಡು ಬಿಡಬಾರದೆಂದು ಸಂಘದಲ್ಲಿ ಮಾತಾಗಿದೆ. ಆಯಿ ಅಧ್ಯಕ್ಷರನ್ನು ಗೆದ್ದು ಬಂದವಳು, ತನ್ನ ನಾಲ್ಕು ಆಡಿನ ವಿಷಯಕ್ಕೆ ನನ್ನ ಜೊತೆ ಆರು ದಿನ ಮಾತು ಬಿಟ್ಟಿದ್ದಳು.

ವರದಿ ಮುಗಿಯಿತು.
ಸೂಗಮ್ಮ


ಕೊಂಡಾಪುರ
11-2-2001

ಸೂಗಮ್ಮನಿಗೆ.

ಇದು ಕಾಗದ ಅಲ್ಲ, ಪೈಪಿನ ವಿಷಯ. ಆ ಪೈಪು ಹಳೆಯದು, ಒಳಗೆ ಗಾಳಿಯ ಗುಳ್ಳೆ ನಿಲ್ಲುತ್ತದೆ. ಗುಳ್ಳೆ ಇದ್ದರೆ ಮಟ್ಟ ಸುಳ್ಳು ತೋರಿಸುತ್ತದೆ. ಮೊದಲು ಎರಡೂ ತುದಿ ಪಕ್ಕಪಕ್ಕ ಹಿಡಿದು ನೋಡಬೇಕು, ನೀರು ಸಮ ನಿಂತ ಮೇಲೇ ಗುರುತು ಹಾಕಬೇಕು. ಬಿಸಿಲಲ್ಲಿ ಪೈಪು ಬಿಟ್ಟು ಊಟಕ್ಕೆ ಹೋಗಬೇಡಿರಿ.

ನಮ್ಮವ್ವ ಆಡು ಮಾರಿದಳೇನು?

ಅಂಬಣ್ಣ


ಕೆಂಪಗುಡ್ಡ
15-7-2001

ಅಪ್ಪನಿಗೆ ಸೂಗಮ್ಮನ ನಮಸ್ಕಾರ.

ಕಾರ್ಡು ಬಂದ ದಿನವೇ ಓದಿದ್ದೆ. ಓದಿ, ಏಳು ವರ್ಷದಲ್ಲಿ ಬುಗ್ಗೆಯ ಬಗ್ಗೆ ಒಂದು ಮಾತು ಆಡದವನು ಪೈಪಿನ ಬಗ್ಗೆ ಬುದ್ಧಿ ಹೇಳುತ್ತಾನೆ ಎಂದು ಸಿಟ್ಟು ಬಂತು. ನೀನು ಹೇಳಿದಂತೆ ಮಾಡಲಿಲ್ಲ. ಮಿರಗದ ಮೊದಲ ಮಳೆಗೇ ಮೂರನೇ ಕಂದಕ ಒಡೆಯಿತು. ನೀರೆಲ್ಲ ಒಂದೇ ತುದಿಗೆ ಓಡಿ, ಒಡ್ಡು ಕೊಚ್ಚಿ, ಕೆಳಗಿನ ಎರಡು ಕಂದಕವನ್ನೂ ಹೂಳಿತು. ನಲವತ್ತು ಸಸಿ ಹೋದವು. ಉಳಿದ ಹದಿಮೂರು ಜನ ನನ್ನ ಮುಖ ನೋಡಿದರು. ಬಯ್ದಿದ್ದರೆ ಹಗುರವಾಗುತ್ತಿತ್ತು. ತಪ್ಪು ನನ್ನದೇ ಎಂದು ನಾನೇ ಹೇಳಿದೆ. ಗಾಳಿ ತೆಗೆದು ಮತ್ತೆ ಗುರುತು ಹಾಕಿ ತೋಡಿದೆವು. ಈಗ ನಾಲ್ಕು ಮಳೆ ತಡೆದಿದೆ. ನೆತ್ತಿಯ ಮೇಲೆ ನೀರು ನಿಲ್ಲುತ್ತದೆ, ಎರಡನೇ ದಿನಕ್ಕೆ ಇಂಗಿ ಹೋಗಿರುತ್ತದೆ. ನಿನ್ನ ಮಾತು ಕೇಳಬೇಕಿತ್ತು ಅಪ್ಪಾ.

ಇದು ನನ್ನ ತಪ್ಪಾಯಿತು. ಈಗ ನಿನ್ನದಕ್ಕೆ ಬರುತ್ತೇನೆ.

ಹೋದ ಗುರುವಾರ ಆಯಿ ತೊಟ್ಟಿಯಿಂದ ಇಪ್ಪತ್ತು ಮೊಳ ಆಚೆ, ಲಂಟಾನಾ ಪೊದೆಯ ಒಳಗೆ, ಒದ್ದೆ ಮಣ್ಣು ಕಂಡಳು. ನಾನು ಕೈಹಾಕಿ ನೋಡಿದೆ. ಮಳೆಯ ನೀರಲ್ಲ, ಮಳೆ ನಿಂತು ಎಂಟು ದಿನವಾಗಿತ್ತು. ತಣ್ಣಗೆ ಜಿನುಗುತ್ತಿದೆ, ಆದರೆ ಹಿಡಿಯುವಷ್ಟಿಲ್ಲ, ಮಣ್ಣಿನಲ್ಲೇ ಇಂಗಿಹೋಗುತ್ತದೆ. ತೊಟ್ಟಿಯಲ್ಲಿ ಒಂದು ಹನಿ ಇಲ್ಲ. ನಿನ್ನ ಗೋಡೆಗೆ ಕಿವಿ ಹಚ್ಚಿದೆ. ಏನೂ ಕೇಳಲಿಲ್ಲ, ಗೋಡೆ ಮಾತ್ರ ತಣ್ಣಗಿತ್ತು.

ನೀರು ಬಂದಿದೆ ಅಪ್ಪಾ. ಗೋಡೆಯ ಹಿಂದೆ ನಿಂತಿದೆ.

ಹಾರೆ ಹಿಡಿಯಲು ನನಗೆ ಕೈ ಇದೆ. ಸರಕಾರದ ಆಸ್ತಿ ಮುಟ್ಟಿದರೆ ಕೇಸು ಹಾಕುತ್ತೇನೆ ಎಂದು ಅಧ್ಯಕ್ಷರು ಹೇಳಿಕಳಿಸಿದ್ದಾರೆ, ಅದಕ್ಕೂ ಹೆದರುವುದಿಲ್ಲ. ನನಗೆ ಹೆದರಿಕೆ ಬೇರೆ. ತಪ್ಪು ಕಡೆ ಹೊಡೆದರೆ ಮುರಕಲ್ಲು ಕುಸಿದು ಬಾಯಿ ಪೂರಾ ಮುಚ್ಚಿಹೋಗುತ್ತದೆ, ಮತ್ತೆ ಯಾರಿಂದಲೂ ಬಿಡಿಸಲಾಗುವುದಿಲ್ಲ ಎಂದು ದಾನೇಶ್ವರಿ ಅಕ್ಕ ಹೇಳಿದ್ದಾರೆ. ಒಳಗೆ ಏನಿದೆ ಎಂದು ಗೊತ್ತಿರುವವನು ಒಬ್ಬನೇ. ನೀನು ಬಾ. ನೀನೇ ಕಟ್ಟಿದ್ದು, ನೀನೇ ಒಡೆ.

ಆಯಿ ಎರಡು ಆಡು ಮಾರಿದಳು. ಎರಡನ್ನು ಅಂಗಳದಲ್ಲೇ ಕಟ್ಟಿ ಮೇಯಿಸುತ್ತಾಳೆ.

ನಿನ್ನ ದಾರಿ ನೋಡುವ
ಸೂಗಮ್ಮ


ಕೊಂಡಾಪುರ
26-8-2001

ಸೂಗಮ್ಮನಿಗೆ ಅಪ್ಪ ತಿಳಿಸುವುದು.

ಬರಲು ಆಗುವುದಿಲ್ಲ. ಕೆಲಸ ಇದೆ.

ಹೋದ ವರ್ಷ ಕಟ್ಟಿದ ಒಂದು ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಅದು ನೆಲದ ಕೆಳಗೆ ಕಾರು ನಿಲ್ಲಿಸುವ ಜಾಗ, ಮಳೆಗೆ ಗೋಡೆಯಿಂದ ನೀರು ಬರುತ್ತಿದೆ. ನನ್ನನ್ನು ಕರೆದರು. ಸೀಳು ಹುಡುಕಿ, ಕೆತ್ತಿ, ಸಿಮೆಂಟಿನ ಮಸಾಲೆ ತುಂಬಿ ಮುಚ್ಚಿದೆ. ಮರುದಿನ ಎರಡು ಮಾರು ಆಚೆ ಬಂತು. ಅದನ್ನೂ ಮುಚ್ಚಿದೆ. ಮೂಲೆಯಲ್ಲಿ ನೆಲ ಎದ್ದು ಬಂತು. ಹದಿನೈದು ದಿನದಿಂದ ಪಂಪು ಹಚ್ಚಿ ನೀರು ರಸ್ತೆಗೆ ಚೆಲ್ಲುತ್ತಿದ್ದಾರೆ. ಅದೇ ರಸ್ತೆಯಲ್ಲಿ ಕುಡಿಯುವ ನೀರಿನ ಟ್ಯಾಂಕರು ಬರುತ್ತದೆ.

ಬಾಜೂ ಚಹಾ ಮಾರುವ ಮುದುಕ ಇಲ್ಲಿಯವನೇ. ಇಲ್ಲಿ ಮೊದಲು ಕುಂಟೆ ಇತ್ತು, ನಾವು ಎಮ್ಮೆ ಮೈ ತೊಳೆಯುತ್ತಿದ್ದೆವು ಎಂದು ತೆಲುಗಿನಲ್ಲಿ ಹೇಳಿ ನಗುತ್ತಾನೆ.

ನಾಲ್ಕನೇ ಮಾಳಿಗೆಯಲ್ಲಿ ಕೃಪಾ ಎಂಬ ಹುಡುಗಿ ಇದ್ದಾಳೆ, ಮಂಗಳೂರಿನ ಕಡೆಯವಳು, ಸಾಫ್ಟ್‌ವೇರು. ನಾನು ಯಂಕಮ್ಮನ ಜೊತೆ ಮಾತಾಡುವುದು ಕೇಳಿ, "ನೀವು ಕನ್ನಡದವರಾ? ನನಗೆ ಇಲ್ಲಿ ಕನ್ನಡ ಕೇಳಿದರೆ ಅಪ್ಪನ ನೆನಪಾಗುತ್ತದೆ" ಎಂದಳು. ಆಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಕಾರಿನ ಹತ್ತಿರ ಹೋಗಿ ಕೇಳಿದಳು: "ಮೇಸ್ತ್ರಿ, ನೀವು ಒಂದು ಕಡೆ ಮುಚ್ಚಿದರೆ ಈ ನೀರು ಎಲ್ಲಿಗೆ ಹೋಗುತ್ತದೆ?"

ಮೂವತ್ತು ವರ್ಷದ ಕೆಲಸದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಿಲ್ಲಿಸು ಎನ್ನುತ್ತಾರೆ, ನಿಲ್ಲಿಸುತ್ತೇನೆ.

ನಿನಗೆ ಇದನ್ನೆಲ್ಲ ಯಾಕೆ ಬರೆದೆನೋ ಗೊತ್ತಿಲ್ಲ. ಉತ್ತರ ಬರೆಯಬೇಡ.

ಅಂಬಣ್ಣ


ಕೆಂಪಗುಡ್ಡ
30-9-2001

ಅಪ್ಪಾ,

ಉತ್ತರ ಬರೆಯುತ್ತೇನೆ. ನೀನು ಬೇಡವೆಂದ ಯಾವುದನ್ನು ನಾನು ಬಿಟ್ಟಿದ್ದೇನೆ?

ಮೊನ್ನೆ ಗ್ರಾಮಸಭೆಯಲ್ಲಿ ಅಧ್ಯಕ್ಷರು ನೋಟೀಸು ಓದಿದರು. ತೊಟ್ಟಿ ಒಡೆದವರ ಮೇಲೆ ಕೇಸು, ಸಂಘ ಬರಖಾಸ್ತು. ಗಂಡಸರು ಯಾರೂ ತಲೆ ಎತ್ತಲಿಲ್ಲ. ನಾನು ಎದ್ದು ನಿಂತು ಕೇಳಿದೆ: "ತೊಟ್ಟಿಯೊಳಗ ನೀರು ಐತೇನ್ರಿ?" ಇಲ್ಲ ಎಂದರು. "ನೀರಿಲ್ಲದ್ದಕ್ಕ ತೊಟ್ಟಿ ಅಂತ ಯಾಕ ಅಂತೀರಿ? ಅದು ನಿಮ್ಮ ಹೆಸರಿನ ಕಲ್ಲು ನಿಲ್ಲಿಸಾಕ ಕಟ್ಟಿದ ಗ್ವಾಡಿ ಐತಿ. ನೀರು ತುಂಬೋ ಹಬ್ಬದ ದಿನ ಮುಂಜಾನೆ ಒಡಿತೀನಿ. ಬಂದು ನೋಡ್ರಿ" ಎಂದೆ.

ಹಬ್ಬ ನವೆಂಬರ್ ಹದಿಮೂರಕ್ಕೆ. ನೀನು ಬರುವುದಿಲ್ಲವಾದರೆ ಎಲ್ಲಿ ಹೊಡೆಯಬೇಕು ಅಷ್ಟು ಬರೆ. ಬರೆಯದಿದ್ದರೂ ಹೊಡೆಯುತ್ತೇನೆ. ತಪ್ಪು ಕಡೆ ಬಿದ್ದು ಬುಗ್ಗೆ ಸತ್ತರೆ ನಾನು ಹೈದರಾಬಾದಿಗೆ ಬಂದು ನಿನ್ನ ಶೆಡ್ಡಿನ ಮೂಲೆಯಲ್ಲಿ ಇರುತ್ತೇನೆ. ದಿನಾ ನೀನೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತ ಇರಬೇಕಾಗುತ್ತದೆ.

ಸೂಗಮ್ಮ


ಕೊಂಡಾಪುರ
25-10-2001

ಸೂಗಮ್ಮನಿಗೆ.

ಈ ಕಾಗದ ಯಾರಿಗೂ ಓದಿ ಹೇಳಬೇಡ. ನಮ್ಮವ್ವನಿಗೂ ಬೇಡ.

ನನಗೆ ಗೊತ್ತಿತ್ತು. ದಾನೇಶ್ವರಿ ಹೇಳುವುದಕ್ಕೆ ಏಳು ವರ್ಷ ಮೊದಲೇ ಗೊತ್ತಿತ್ತು.

ಬುಗ್ಗೆಗೆ ಮೂರು ಬಾಯಿ ಇದ್ದವು. ಎರಡು ಸಣ್ಣವು ಕೆಳಗೆ, ದೊಡ್ಡದು ಎದೆಯ ಎತ್ತರಕ್ಕೆ. ನಾನು ಮೂರಕ್ಕೂ ಪೈಪು ಬಿಟ್ಟು ಕಟ್ಟುತ್ತೇನೆ ಎಂದೆ. ಗುಡ್ಡದ ಮಗ್ಗುಲಿಗೆ ಗೋಡೆ ಕಟ್ಟುವಾಗ ನೀರು ಹೊರಗೆ ಹೋಗಲು ತೂತು ಬಿಡಬೇಕು, ಅದು ಹೊಸದಾಗಿ ಥಾಪಿ ಹಿಡಿದವನಿಗೂ ಗೊತ್ತು. ಅಧ್ಯಕ್ಷರು ಕೇಳಲಿಲ್ಲ. ಎದೆಯ ಎತ್ತರದಲ್ಲಿ ಹೆಸರಿನ ಕಲ್ಲು ಬರಬೇಕು, ಕಲ್ಲಿನ ಮೇಲೆ ನೀರು ಸುರಿದು ಪಾಚಿ ಹಿಡಿದರೆ ಹೇಗೆ, ಎಲ್ಲಾ ನೀರು ಕೆಳಗಿನ ಒಂದು ನಳದಲ್ಲೇ ಬರಲಿ ಎಂದರು. ನಾನು ಆಗುವುದಿಲ್ಲ ಎಂದು ಥಾಪಿ ಕೆಳಗಿಟ್ಟೆ. ಆಗ ಅವರು, "ಅಂಬಣ್ಣ, ನಿನ್ನ ಹೆಸರೂ ಕಲ್ಲಿನ ಮ್ಯಾಲೆ ಹಾಕಸ್ತೀನಿ" ಎಂದರು.

ನಾನು ಥಾಪಿ ಮತ್ತೆ ಎತ್ತಿಕೊಂಡೆ. ಇಷ್ಟೇ.

ದೊಡ್ಡ ಬಾಯಿಗೆ ಬಟ್ಟೆ ತುರುಕಿ ಮೇಲೆ ಸಿಮೆಂಟು ಬಡಿದೆ. ಒಂದು ವರ್ಷ ನಳದಲ್ಲಿ ಬಂತು. ಆಮೇಲೆ ನಳಕ್ಕೆ ಮಣ್ಣು ಕಟ್ಟಿತು, ನೀರು ಬೇರೆ ದಾರಿ ನೋಡಿಕೊಂಡಿತು. ಊರವರು ಗುಡ್ಡದ ದೇವರು ಮುನಿದಿದೆ ಎಂದು ಕೋಳಿ ಕೊಯ್ದರು. ನಾನೂ ಒಂದು ಕೋಳಿ ಕೊಟ್ಟೆ. ಅದಕ್ಕಿಂತ ಹೆಚ್ಚು ಆ ಊರಲ್ಲಿ ಇರಲು ನನ್ನಿಂದ ಆಗಲಿಲ್ಲ.

ಎಲ್ಲಿ ಹೊಡೆಯಬೇಕೆಂದು ಕೇಳಿದ್ದೀ. ಹೆಸರಿನ ಕಲ್ಲಿನ ಹಿಂದೆಯೇ ದೊಡ್ಡ ಬಾಯಿ ಇದೆ. ಕಲ್ಲು ಒಡೆಯಬಾರದು, ಒಡೆದರೆ ತುಂಡು ಒಳಗೆ ಬೀಳುತ್ತದೆ. ಸುತ್ತ ನಾಲ್ಕೂ ಕಡೆ ಉಳಿಯಿಂದ ಸಂದು ಬಿಡಿಸಿ, ಕೆಳಗಿನಿಂದ ಎಬ್ಬಿಸಿ, ಇಡೀ ಕಲ್ಲು ಹೊರಗೆ ತೆಗೆಯಬೇಕು. ಹಾರೆ ಮುಟ್ಟಿಸಬೇಡ.

ನಾನು ಬರುವುದಿಲ್ಲ. ಆ ಜನರ ಮುಂದೆ ನಿಲ್ಲಲು ನನಗೆ ಮುಖ ಇಲ್ಲ. ಇಲ್ಲಿ ಸೆಲ್ಲಾರಿನ ಗೋಡೆಗೆ ತೂತು ಬಿಟ್ಟು ನೀರನ್ನು ಬಾವಿಗೆ ಹಿಡಿಯಿರಿ ಎಂದು ಇಂಜಿನಿಯರಿಗೆ ಹೇಳಿದೆ. "ಜಿತನಾ ಬೋಲಾ ಉತನಾ ಕರೋ", ಹೇಳಿದಷ್ಟು ಮಾಡು ಎಂದ. ನಾನು ಬೇರೆ ಕೆಲಸಕ್ಕೆ ಹೋಗುತ್ತಿದ್ದೇನೆ.

ನಿನ್ನ
ಅಪ್ಪ


ಕೆಂಪಗುಡ್ಡ
15-11-2001

ಅವ್ವನಿಗೆ ನಿನ್ನ ಸೂಗಿಯ ನಮಸ್ಕಾರ. ಮೌನಪ್ಪ ಕಾಕಾ, ಇದನ್ನು ಅವ್ವನಿಗೆ ಜೋರಾಗಿ ಓದು. ನಡುವೆ ಒಂದು ಅಕ್ಷರವೂ ನುಂಗಬೇಡ.

ಅವ್ವಾ, ಅಪ್ಪ ಸಿಕಂದರಾಬಾದಿನಲ್ಲಿ ಹೊಸ ಕೆಲಸಕ್ಕೆ ಹೋಗುತ್ತೇನೆಂದು ನಿನಗೆ ಹೇಳಿ ಬಂದನಂತೆ. ಹೆದರಬೇಡ, ಇಲ್ಲಿದ್ದಾನೆ.

ಹಬ್ಬದ ದಿನ ಮುಂಜಾನೆ ಸಂಘದವರೆಲ್ಲ ಕೊಡ ಬೆಳಗಿಕೊಂಡು ಬುಗ್ಗೆಗೆ ಹೋದೆವು. ಊರಿಗೂರೇ ಬಂದಿತ್ತು. ಅಧ್ಯಕ್ಷರು ಇಬ್ಬರು ಆಳುಗಳ ಜೊತೆ ತೊಟ್ಟಿಯ ಕಟ್ಟೆಯ ಮೇಲೆ ನಿಂತಿದ್ದರು. ಅಪ್ಪ ಉಳಿಯಿಂದ ಬಿಡಿಸು ಎಂದು ಬರೆದಿದ್ದ. ನಾನು ಉಳಿ ಇಟ್ಟು ಹೊಡೆದೆ, ಜಾರಿತು. ಮತ್ತೆ ಹೊಡೆದೆ, ಮತ್ತೆ ಜಾರಿತು. ಸಿಮೆಂಟಿಗೆ ಗೀರು ಕೂಡ ಬೀಳಲಿಲ್ಲ. ಅಪ್ಪನ ಕೆಲಸ ಅಷ್ಟು ಗಟ್ಟಿ. ಜನ ನಗಲು ಶುರು ಮಾಡಿದರು, ನನಗೆ ಸಿಟ್ಟು ಏರಿತು, ಹಾರೆ ಎತ್ತಿದೆ.

"ಇಡ ಕೆಳಗ. ಹಾರಿ ಮುಟ್ಟಿಸಬ್ಯಾಡ ಅಂತ ಬರದಿಲ್ಲೇನ?"

ಹಿಂದೆ ತಿರುಗಿದರೆ ಅಪ್ಪ. ಹೆಗಲಿಗೆ ಚೀಲ, ಬಸ್ಸಿನ ಧೂಳು ಮುಖದ ತುಂಬ. ಯಾರನ್ನೂ ನೋಡಲಿಲ್ಲ, ಆಯಿಯ ಕಾಲು ಮುಟ್ಟಿ ನೇರ ಗೋಡೆಯ ಹತ್ತಿರ ಬಂದ. ನನ್ನ ಕೈಯಿಂದ ಉಳಿ ತೆಗೆದುಕೊಂಡು ತುದಿ ನೋಡಿ, "ಇದು ಉಳಿ ಅಲ್ಲ, ಮೊಳಿ" ಎಂದು ಬಿಸಾಕಿದ. ತನ್ನ ಚೀಲದಿಂದ ತನ್ನದು ತೆಗೆದ.

ಅಧ್ಯಕ್ಷರು ಇಳಿದು ಬಂದರು. "ಅಂಬಣ್ಣ, ಬುದ್ಧಿ ಐತೇನು? ಸರಕಾರದ ಆಸ್ತಿ. ಕೇಸ್ ಹಾಕ್ತೀನಿ ನೋಡು."

ಅಪ್ಪ ಮೊದಲ ಸಂದಿಗೆ ಉಳಿ ಇಟ್ಟು, ತಿರುಗದೆಯೇ ಹೇಳಿದ: "ಹಾಕ್ರಿ ಸಾಹೇಬ್ರ. ಕಲ್ಲಿನ ಮ್ಯಾಲೆ ನನ್ನ ಹೆಸರೈತಿ. ಯಾರು ಒಡದಾರ ಅಂತ ಹುಡುಕೋ ತ್ರಾಸ ಇಲ್ಲ ನಿಮಗ."

ಅವ್ವಾ, ನನಗೆ ಅಲ್ಲೇ ಕೂಗಬೇಕೆನಿಸಿತು. ಆಮೇಲೆ ಅವನು ಸುತ್ತಿಗೆ ಕೆಳಗಿಟ್ಟು ಜನರ ಕಡೆ ತಿರುಗಿದ. "ದೇವರು ಮುನಿದಿಲ್ಲ. ಬುಗ್ಗಿ ಬಾಯಿ ಮುಚ್ಚಿದಾಂವ ನಾನು. ಗೊತ್ತಿದ್ದs ಮುಚ್ಚೀನಿ" ಎಂದ. ನನಗೆ ಯಾರಿಗೂ ಹೇಳಬೇಡ ಎಂದು ಬರೆದವನು ಊರಿಗೆಲ್ಲ ತಾನೇ ಹೇಳಿದ. ಯಾರೋ ಬಯ್ದರು. ಅವನು ಬಯ್ಯಿಸಿಕೊಂಡು ಮತ್ತೆ ಕೆಲಸಕ್ಕೆ ಕೂತ.

ಎರಡು ತಾಸು ಹಿಡಿಯಿತು. ಕಲ್ಲು ಇಡಿಯಾಗಿ ಹೊರಗೆ ಬಂತು. ಹಿಂದಿನ ಸಿಮೆಂಟು ಬಿಡಿಸಿ, ಕೈಹಾಕಿ, ಹಸಿರು ಬಟ್ಟೆ ಎಳೆದ. ನಿನ್ನ ಹಸಿರು ನೈಲಾನ್ ಸೀರೆ ಅವ್ವಾ. ಹೊಳೆಯಲ್ಲಿ ತೇಲಿಹೋಯಿತೆಂದು ನೀನು ನನಗೆ ಹೊಡೆದಿದ್ದೆಯಲ್ಲ, ಅದೇ. ಬಣ್ಣ ಇನ್ನೂ ಹೋಗಿಲ್ಲ.

ನೀರು ಬರಲಿಲ್ಲ. ಒಂದು ಹನಿಯೂ ಇಲ್ಲ. ಎಲ್ಲರೂ ಆ ಕಪ್ಪು ತೂತನ್ನೇ ನೋಡುತ್ತ ನಿಂತೆವು. "ನೀರೆಲ್ಲೈತಿ ಮೇಸ್ತ್ರಿ?" ಎಂದು ಅಧ್ಯಕ್ಷರು ಕೇಳಿದರು. ನನಗೆ ತಾಂಡೂರು ಸ್ಟೇಷನ್ನು ಕಣ್ಣ ಮುಂದೆ ಬಂತು. ಅಪ್ಪ ಮಾತ್ರ ತೋಳು ಭುಜದವರೆಗೂ ಒಳಗೆ ತೂರಿಸಿ, ಕೆನ್ನೆ ಗೋಡೆಗೆ ಒತ್ತಿ, ಮುಷ್ಟಿ ಮುಷ್ಟಿ ಕೆಂಪು ಮಣ್ಣು ಹೊರಗೆ ತೆಗೆಯುತ್ತಲೇ ಇದ್ದ. ಎಷ್ಟೋ ಹೊತ್ತಿನ ಮೇಲೆ ತೆಗೆದ ಮಣ್ಣು ಒದ್ದೆ ಇತ್ತು. ಅದರ ನಂತರದ್ದು ಕೆಸರು. ಆಮೇಲೆ ಅವನ ತೋಳಿನ ಗುಂಟ ಕೆಂಪು ನೀರು ಇಳಿದು ಮೊಳಕೈಯಿಂದ ತೊಟ್ಟಿಕ್ಕಿತು. ಅವನು ತೋಳು ಹೊರಗೆ ತೆಗೆಯಲಿಲ್ಲ. ಹಾಗೆಯೇ ನಿಂತು ಅತ್ತ.

ಮಧ್ಯಾಹ್ನಕ್ಕೆ ತಿಳಿಯಾಯಿತು. ಹೆಬ್ಬೆರಳಿನಷ್ಟು ಧಾರೆ. ದೊಡ್ಡದೇನಲ್ಲ, ಇನ್ನೂ ಎರಡು ಮೂರು ಮಳೆಗಾಲ ಕಂದಕ ಕಾಯಬೇಕು, ಮರ ಬೆಳೆಯಬೇಕು. ಆದರೆ ಆಯಿಯ ಕೊಡ ತುಂಬಿತು. ಸಂಜೆಯವರೆಗೂ ಪಾಳಿ ಹಚ್ಚಿ ಊರಿನ ಎಲ್ಲ ಕೊಡ ತುಂಬಿದವು. ಅಧ್ಯಕ್ಷರ ಮನೆಯ ಕೊಡವೂ ಬಂದಿತ್ತು. ನಾನೇ ತುಂಬಿಕೊಟ್ಟೆ.

ಹೆಸರಿನ ಕಲ್ಲನ್ನು ಅಪ್ಪ ಧಾರೆಯ ಕೆಳಗೆ ಬೋರಲು ಹಾಸಿದ್ದಾನೆ. ಈಗ ಅದರ ಮೇಲೆ ಕೊಡ ಇಡುತ್ತೇವೆ. ಹೆಸರು ಮೇಲೆ ಬರುವಂತೆ ಹಾಸು ಎಂದು ನಾನೇ ಹೇಳಿದೆ. "ಕೊಡ ಅಲುಗಾಡ್ತೈತಿ. ಹಿಂದಿನ ಮಗ್ಗುಲು ಸಪಾಟ ಐತಿ" ಎಂದ.

ಕೇಸು ನಿಜವಾಗಿಯೂ ಬಿದ್ದಿದೆ, ಇವತ್ತು ಕಾಗದ ಬಂತು. ಅಪ್ಪನ ಮೇಲೂ ನನ್ನ ಮೇಲೂ. ಚಿಂಚೋಳಿಗೆ ಹೋಗಬೇಕು. ಉಳಿದ ಹದಿಮೂರು ಜನ ನಾವೂ ಬರುತ್ತೇವೆ, ನಮ್ಮ ಹೆಸರೂ ಬರೆದುಕೊಳ್ಳಲಿ ಎನ್ನುತ್ತಿದ್ದಾರೆ. ಆಯಿ ಒಂದು ತಂಬಿಗೆ ಬುಗ್ಗೆಯ ನೀರು ಒಯ್ದು ಸಾಹೇಬರ ಮೇಜಿನ ಮೇಲೆ ಇಡುತ್ತಾಳಂತೆ.

ಅಪ್ಪ ಎಷ್ಟು ದಿನ ಇರುತ್ತಾನೆಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಇವತ್ತು ಮುಂಜಾನೆ ಅಂಗಳದಲ್ಲಿ ಕೂತು ಹಳೆಯ ಪೈಪಿನಲ್ಲಿ ಬುಗ್ಗೆಯ ನೀರು ತುಂಬಿ, ಗಾಳಿ ತೆಗೆದು, ಎರಡೂ ತುದಿ ಪಕ್ಕಪಕ್ಕ ಹಿಡಿದು ನೋಡುತ್ತಿದ್ದ. ಆಮೇಲೆ ಒಂದು ತುದಿ ನನ್ನ ಕಡೆ ಚಾಚಿ, "ಹಿಡಿ ಯವ್ವಾ, ನಾಕನೇ ಕಂದಕ ನೋಡೋಣ" ಎಂದ.

ಮಾತಿನ ಪ್ರಕಾರ ನಾನು ಬರಬೇಕಾಗಿಲ್ಲ. ಇನ್ನು ನೀನು ಬಾ. ಶೆಡ್ಡಿನ ಆ ಮೂಲೆಯ ಸಿಮೆಂಟು ಚೀಲ ಅಲ್ಲೇ ಇರಲಿ, ಇಲ್ಲಿ ನಮಗೆ ಬೇಡ.

ನಿನ್ನ ಮಗಳು
ಸೂಗಮ್ಮ